ತಿಥಿಯೂಟದ ಭಟ್ಟರ ಕೊಲೆಸ್ಟ್ರಾಲ್

ಓದು ಮುಗಿಸಿ ನಮ್ಮ ಕಡೆಗೆ ಕೆಲಸಕ್ಕೆ ಬರುವ ಎಳೆಯ ಡಾಕ್ಟರುಗಳು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಕಾಫಿ ಕುಡಿಯುತ್ತಾರೆ, ಸಲಹೆ ಕೇಳುತ್ತಾರೆ, ಕೊಟ್ಟ ಸಲಹೆಗೆ ನಗುತ್ತಾರೆ. ನಾನು ಹೇಳುವುದು ಇಷ್ಟೇ: ಕ್ಲಿನಿಕ್ಕಿನ ಗೋಡೆಗೆ ಔಷಧಿ ಕಂಪನಿಯ ಕ್ಯಾಲೆಂಡರ್ ಬೇಡ, ಪಂಚಾಂಗ ತೂಗುಹಾಕಿ. ಮದುವೆಗಳು ಯಾವ ತಿಂಗಳು, ಚೌತಿ ಯಾವತ್ತು, ಪಿತೃಪಕ್ಷ ಎಂದಿನಿಂದ ಎಂದು ತಿಳಿಯದವರಿಗೆ ಈ ಊರುಗಳಲ್ಲಿ ಕೊಲೆಸ್ಟ್ರಾಲ್ ರಿಪೋರ್ಟ್ ಓದಲು ಬರುವುದಿಲ್ಲ. ತಮಾಷೆಗೆ ಹೇಳುತ್ತಿಲ್ಲ. ನನಗೆ ಇದು ಅರ್ಥವಾಗುವ ಹೊತ್ತಿಗೆ ಕೂದಲು ಹಣ್ಣಾಗಿತ್ತು, ಒಬ್ಬ ಒಳ್ಳೆಯ ಮನುಷ್ಯ ಸಾವಿನ ಬಾಗಿಲು ತಟ್ಟಿ ಬಂದಿದ್ದರು.

ನಾನು ಸಾಗರದ ಒಂದು ನರ್ಸಿಂಗ್ ಹೋಮಿನಲ್ಲಿ ಫಿಸಿಷಿಯನ್ ಆಗಿದ್ದೆ. ಗುರುವಾರ ಹೊಸನಗರದಲ್ಲಿ, ಶನಿವಾರ ತೀರ್ಥಹಳ್ಳಿಯಲ್ಲಿ ಕೂರುತ್ತಿದ್ದೆ. ತೀರ್ಥಹಳ್ಳಿ ನನ್ನ ತವರೂ ಹೌದು, ಹಾಗಾಗಿ ಅಲ್ಲಿ ಪೇಷಂಟುಗಳು ನನ್ನನ್ನು ಬೈಯಲು ಹೆದರುತ್ತಿರಲಿಲ್ಲ. ನರ್ಸಿಂಗ್ ಹೋಮಿನ ಮಾಲೀಕರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಕಡ್ಡಿಯಂಥ ಮನುಷ್ಯ, ಬಾಯಿ ಮಾತ್ರ ಬೆಂಕಿ. ಪೇಷಂಟು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಪ್ರಶ್ನೆ ಬರುತ್ತಿತ್ತು: "ನಿನ್ನೆ ರಾತ್ರಿ ಎಂತ ಉಂಡ್ರಿ? ಸುಳ್ಳು ಹೇಳ್ಬೇಡಿ, ನಾನು ನಿಮ್ಮನೆ ಪಕ್ಕದವ್ರನ್ನ ಕೇಳ್ತೀನಿ." ನಾನು ಸೇರಿದ ಹೊಸತರಲ್ಲಿ ಅದನ್ನು ಒರಟುತನ ಎಂದುಕೊಂಡಿದ್ದೆ. ಆಮೇಲೆ ನಾನೂ ಅದೇ ಪ್ರಶ್ನೆ ಕೇಳತೊಡಗಿದೆ, ಅವರಿಗಿಂತ ಜೋರಾಗಿ.

ಆಗ ಕೊಲೆಸ್ಟ್ರಾಲ್ ನೋಡಬೇಕೆಂದರೆ ರಕ್ತವನ್ನು ಐಸ್ ಡಬ್ಬಿಯಲ್ಲಿಟ್ಟು ಶಿವಮೊಗ್ಗದ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದೆವು. ಕಂಡಕ್ಟರು ಮರೆತು ಡಿಪೋಕ್ಕೆ ಹೋದರೆ ರಕ್ತವೂ ಡಿಪೋಕ್ಕೆ. ರಿಪೋರ್ಟ್ ಬರುವಷ್ಟರಲ್ಲಿ ಪೇಷಂಟಿಗೆ ತಾನು ಯಾಕೆ ಬಂದಿದ್ದೆ ಎಂಬುದೇ ಮರೆತಿರುತ್ತಿತ್ತು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿಯಿತೋ ಇಲ್ಲವೋ, ಅಷ್ಟು ನೋಡಿ ನಾವೂ ಸಮಾಧಾನ ಪಡುತ್ತಿದ್ದೆವು. ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿದೆವು ಎಂದು ಬೀಗುವಾಗ ಮನುಷ್ಯನ ತೂಕ ಏರುತ್ತಿದ್ದದ್ದು ನಮ್ಮ ಲೆಕ್ಕದಲ್ಲಿ ಇರಲಿಲ್ಲ. ದೊಡ್ಡ ಡಾಕ್ಟರು ಮಾತ್ರ ಪೇಷಂಟಿನ ಬೆಲ್ಟು ನೋಡಿ "ಒಂದು ತೂತು ಮುಂದೆ ಹೋಯ್ತಲ್ಲೋ ಮಾರಾಯ" ಎಂದು ಗೊಣಗುತ್ತಿದ್ದರು. ಆಮೇಲೆ ನಮ್ಮಲ್ಲೇ ಯಂತ್ರ ಬಂತು. ಬೆಳಿಗ್ಗೆ ರಕ್ತ ಕೊಟ್ಟವರಿಗೆ ಮಧ್ಯಾಹ್ನ ರಿಪೋರ್ಟ್. ಬೆಲ್ಟು ನೋಡುವ ಅಭ್ಯಾಸವೇ ತಪ್ಪಿತು.

ಯಂತ್ರ ಬಂದ ಮೇಲೂ ಖಾಲಿ ಹೊಟ್ಟೆಯ ರಗಳೆ ತಪ್ಪಲಿಲ್ಲ. ಹುಲಿಕಲ್ ಕಡೆಯಿಂದ ಬಂದ ಹಿರಿಯರೊಬ್ಬರ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್, ಅಂದರೆ ಊಟದಿಂದ ಬೇಗ ಏರುವ ಆ ಕೊಬ್ಬು, ವಿಪರೀತ ಇತ್ತು. "ಬೆಳಿಗ್ಗೆ ಏನಾದ್ರೂ ತಿಂದ್ರಾ?" ಎಂದೆ. "ಏನೂ ಇಲ್ಲ." "ಕುಡಿದ್ರಾ?" "ಕಷಾಯ ಕುಡ್ದೆ. ಹಾಲು, ಬೆಲ್ಲ ಹಾಕಿದ್ದು, ಎರಡು ಲೋಟ. ಅದು ತಿನ್ನೋದಲ್ವಲ್ಲ." ಬಾಯಲ್ಲಿ ಎಲೆ ಅಡಿಕೆ ಬೇರೆ. ಅದೂ ತಿನ್ನುವುದಲ್ಲ ಎಂದು ಅವರ ಲೆಕ್ಕ. ಅಂದಿನಿಂದ ನಾನು ಕಷಾಯ, ಕಾಫಿ, ಎಲೆ ಅಡಿಕೆ, ದೇವರ ಪ್ರಸಾದ ಎಂದು ಒಂದೊಂದನ್ನೂ ಹೆಸರು ಹಿಡಿದು ಕೇಳುತ್ತಿದ್ದೆ. ಪಾಪದ ನರ್ಸುಗಳು ನನ್ನ ಬೆನ್ನ ಹಿಂದೆ ಅದನ್ನು ಅಣಕಿಸಿ ನಗುತ್ತಿದ್ದರು ಎಂದು ನಿವೃತ್ತಿಯ ದಿನ ಗೊತ್ತಾಯಿತು.

ಎಳೆಯರಿಗೆ ಇನ್ನೊಂದು ಮಾತು ಹೇಳಬೇಕು. ನಾವು ಸಕ್ಕರೆಗೆಂದು ಬರೆಯುವ ಔಷಧಿಗಳು ಸಕ್ಕರೆಯೊಂದನ್ನೇ ಮುಟ್ಟಿ ಸುಮ್ಮನಿರುವುದಿಲ್ಲ. ಹಳೆಯ ಮೆಟ್‌ಫಾರ್ಮಿನ್ ಕೊಬ್ಬನ್ನೂ ಚೂರುಪಾರು ಇಳಿಸುತ್ತದೆ. ಇನ್ನೊಂದು ಮಾತ್ರೆ ಒಳ್ಳೆಯ ಕೊಲೆಸ್ಟ್ರಾಲ್ ಏರಿಸುತ್ತದೆ, ಜೊತೆಗೆ ತೂಕ ಏರಿಸಿ ಕಾಲೂ ಊದಿಸುತ್ತದೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗಳು ಬಂದಾಗ ಕೆಲವರ ಕೆಟ್ಟ ಕೊಲೆಸ್ಟ್ರಾಲ್ ತುಸು ಏರಿದ್ದು ಕಂಡು ನಾನು ಗಾಬರಿಯಾಗಿದ್ದೆ. ಆದರೆ ಅದೇ ಮಾತ್ರೆ ಅವರ ಹೃದಯವನ್ನೂ ಕಿಡ್ನಿಯನ್ನೂ ಕಾಯುತ್ತಿತ್ತು. ಕೊಲೆಸ್ಟ್ರಾಲಿಗೆಂದೇ ಕೊಡುವ ಸ್ಟ್ಯಾಟಿನ್ ಮಾತ್ರೆಯೋ ಸಕ್ಕರೆಯನ್ನು ಒಂದಿಷ್ಟು ಮೇಲಕ್ಕೆ ತಳ್ಳುತ್ತದೆ. ಅದಕ್ಕೇ ಒಂದು ಅಂಕಿ ನೋಡಿ ಔಷಧಿಯನ್ನು ಹೊಗಳಲೂ ಬೇಡಿ, ಬೈಯಲೂ ಬೇಡಿ.

ಆಮೇಲೆ ಬಂತು ವಾರಕ್ಕೊಂದು ಇಂಜೆಕ್ಷನ್. ಪೆನ್ನಿನ ಹಾಗಿರುತ್ತದೆ, ಹೊಟ್ಟೆಗೆ ಚುಚ್ಚಿಕೊಳ್ಳುವುದು. ಸಕ್ಕರೆ ಇಳಿಯುತ್ತದೆ, ಹಸಿವು ಸಾಯುತ್ತದೆ, ತೂಕ ಇಳಿಯುತ್ತದೆ. ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯುತ್ತದೆ. ಹಾಗೆಂದು ಸ್ಟ್ಯಾಟಿನ್ ಬಿಡುವಂತಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ತೀರ್ಥಹಳ್ಳಿಗೆ ಮಂಡಗದ್ದೆಯಿಂದ ಒಬ್ಬ ಟೀಚರ್ ಬರುತ್ತಿದ್ದರು. ಇಂಜೆಕ್ಷನ್ ಶುರುಮಾಡಿ ತೂಕದಲ್ಲಿ ಬೇಗ ಬೇಗ ಇಳಿದರು. ಸೀರೆಯ ಕುಪ್ಪಸವೆಲ್ಲ ಚಿಕ್ಕದು ಮಾಡಿ ಹೊಲಿಸಿಕೊಂಡು ಖುಷಿಯಲ್ಲಿದ್ದವರು ಒಂದು ಶನಿವಾರ ರಿಪೋರ್ಟನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. ಕೊಲೆಸ್ಟ್ರಾಲ್ ಮೊದಲಿಗಿಂತ ಜಾಸ್ತಿ.

"ಊಟ ಬಿಟ್ಟು ಕೊಲೆಸ್ಟ್ರಾಲ್ ಏರಿಸ್ಕೊಂಡ್ನಾ ಮೇಡಂ? ಇದೆಂತ ಅನ್ಯಾಯ?"

"ಟೀಚರೇ, ಇಷ್ಟು ವರ್ಷ ಮೈಯಲ್ಲಿ ಕೂಡಿಟ್ಟ ಕೊಬ್ಬು ಹೊರಗೆ ಹೊರಟಿದೆ. ರಕ್ತದ ದಾರಿಯಲ್ಲೇ ಹೋಗ್ಬೇಕಲ್ಲ. ಮನೆ ಖಾಲಿ ಮಾಡೋ ದಿನ ಅಂಗಳ ತುಂಬ ಸಾಮಾನು ಇರ್ತದಲ್ವಾ? ತೂಕ ಒಂದು ಕಡೆ ನಿಲ್ಲಲಿ, ಆಮೇಲೆ ನೋಡೋಣ."

ಅವರು ನಂಬಲಿಲ್ಲ. ತೂಕ ನಿಂತ ಮೇಲೆ ಅಂಕಿ ಇಳಿಯಿತು, ಆಗ ನಂಬಿದರು. ಆದರೆ ನಾನು ಈ ಬರಹಕ್ಕೆ ಕೂತದ್ದು ಟೀಚರಿಗಾಗಿ ಅಲ್ಲ, ಶಂಭು ಭಟ್ಟರಿಗಾಗಿ.

ಶಂಭು ಭಟ್ಟರು ಹೊಸನಗರದ ಹತ್ತಿರದವರು. ಹವ್ಯಕರು, ನನ್ನ ಯಜಮಾನರ ಕಡೆಯ ಬಳಗಕ್ಕೆಲ್ಲ ಬೇಕಾದವರು. ಅವರ ಕೆಲಸ ಬ್ರಾಹ್ಮಣಾರ್ಥಕ್ಕೆ ಕೂರುವುದು. ಅಂದರೆ ಯಾರದ್ದಾದರೂ ಮನೆಯಲ್ಲಿ ತಿಥಿಯಾದರೆ, ತೀರಿಕೊಂಡವರ ಸ್ಥಾನದಲ್ಲಿ ಕೂತು ಊಟ ಮಾಡುವುದು. ಮಂತ್ರ ಹೇಳಿಸುವ ಪುರೋಹಿತರು ಬೇರೆ, ಉಣ್ಣುವವರು ಬೇರೆ. ಈಗಿನವರು ಯಾರೂ ಇದಕ್ಕೆ ಒಪ್ಪುವುದಿಲ್ಲ. ಮುಂಚಿನ ದಿನದಿಂದ ನಿಯಮ ಹಿಡಿಯಬೇಕು, ಊಟದ ನಡುವೆ ಮಾತಾಡಬಾರದು, ಬಡಿಸಿದ್ದನ್ನು ಬಿಡಬಾರದು. ಹಾಗಾಗಿ ಸುತ್ತಲ ಊರಿಗೆಲ್ಲ ಭಟ್ಟರೇ. ಅಗಲವಾದ ಮೈ, ಅಷ್ಟೇ ಅಗಲವಾದ ನಗು. ಎಷ್ಟೋ ಮನೆಯವರು ಅವರು ಉಣ್ಣುವುದನ್ನು ನೋಡಿ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ನಮ್ಮಪ್ಪ ಹೀಗೇ ಉಣ್ಣುತ್ತಿದ್ದ ಎಂದು ಅವರಿಗೆ ಅನ್ನಿಸುತ್ತಿತ್ತು.

ಭಟ್ಟರಿಗೆ ಸಕ್ಕರೆ ಕಾಯಿಲೆ ಇತ್ತು, ಒಂದು ಸ್ಟೆಂಟ್ ಆಗಿತ್ತು, ಟ್ರೈಗ್ಲಿಸರೈಡ್ ಯಾವಾಗಲೂ ಮೇಲೆ. ಸ್ಟ್ಯಾಟಿನ್ ತಪ್ಪಿಸುವ ಜನವಲ್ಲ. ವಾರದ ಇಂಜೆಕ್ಷನ್ ಕೊಟ್ಟೆ. ಅವರ ಹೆಂಡತಿ ಸರಸ್ವತಕ್ಕ ಚುಚ್ಚುವುದನ್ನು ಕಲಿತರು. ತೂಕ ಇಳಿಯಿತು, ಕೊಬ್ಬು ಇಳಿಯಿತು. ನಾನು ಆ ರಿಪೋರ್ಟನ್ನು ದೊಡ್ಡ ಡಾಕ್ಟರಿಗೆ ತೋರಿಸಿ ಬೀಗಿದೆ. ಅವರು ಕನ್ನಡಕ ಏರಿಸಿ ನೋಡಿ, "ಈ ಮನುಷ್ಯನ ಕೆಲ್ಸ ಎಂತ ಹೇಳಿದ್ಯಮ್ಮ?" ಎಂದರು. ಹೇಳಿದೆ. "ಹಾಗಾದ್ರೆ ಇದು ಹೆಚ್ಚು ದಿನ ನಡೆಯಲ್ಲ ನೋಡು" ಎಂದು ಹಾಳೆ ವಾಪಸ್ ಕೊಟ್ಟರು. ಮುದುಕರಿಗೆ ಹೊಸ ಔಷಧಿ ಕಂಡರೆ ಆಗುವುದಿಲ್ಲ ಎಂದುಕೊಂಡು ಸುಮ್ಮನಾದೆ.

ಮರುವರ್ಷದಿಂದ ಭಟ್ಟರ ರಿಪೋರ್ಟು ನನ್ನೊಂದಿಗೆ ಆಟವಾಡತೊಡಗಿತು. ಮಳೆಗಾಲದ ಮೊದಲು ನೋಡಿದರೆ ಚೆನ್ನ. ದೀಪಾವಳಿಗೆ ನೋಡಿದರೆ ತೂಕ, ಸಕ್ಕರೆ, ಟ್ರೈಗ್ಲಿಸರೈಡ್ ಎಲ್ಲ ಮೇಲೆ. "ಚೌತಿ ಚಕ್ಕುಲಿ ಜಾಸ್ತಿ ಆಯ್ತಾ ಭಟ್ರೇ?" ಎಂದರೆ ನಕ್ಕು ತಲೆ ಆಡಿಸುತ್ತಿದ್ದರು. ನಾನು ಚಕ್ಕುಲಿಯನ್ನು ಬೈದು ಕಳಿಸುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ಮತ್ತೆ ಎಲ್ಲ ಇಳಿದಿರುತ್ತಿತ್ತು.

ಹಾಗೆ ನಡೆಯುತ್ತಿರುವಾಗ ಒಂದು ಮಹಾಲಯ ಅಮಾವಾಸ್ಯೆಯ ದಿನ, ಯಾರದ್ದೋ ಮನೆಯ ಊಟ ಮುಗಿಸಿ ಹೊರಟ ಭಟ್ಟರಿಗೆ ಎದೆನೋವು ಬಂತು. ಆ ಮನೆಯವರೇ ಜೀಪಿನಲ್ಲಿ ಹಾಕಿಕೊಂಡು ಸಾಗರಕ್ಕೆ ತಂದರು. ಹೃದಯಾಘಾತ. ಪ್ರಥಮ ಚಿಕಿತ್ಸೆ ಕೊಡುತ್ತಿರುವಾಗ ಲ್ಯಾಬಿನವರು ಅವರ ರಕ್ತದ ಟ್ಯೂಬು ಹಿಡಿದು ಓಡಿಬಂದರು. ರಕ್ತವನ್ನು ಯಂತ್ರದಲ್ಲಿ ತಿರುಗಿಸಿದರೆ ಮೇಲೆ ತಿಳಿ ಹಳದಿ ನೀರು ನಿಲ್ಲಬೇಕು. ಭಟ್ಟರದ್ದು ಹಾಲಿನಂತೆ ಬೆಳ್ಳಗಿತ್ತು. ರಿಪೋರ್ಟಿನಲ್ಲಿ ಕೆಟ್ಟ ಕೊಲೆಸ್ಟ್ರಾಲಿನ ಜಾಗ ಖಾಲಿ ಬಿಟ್ಟಿದ್ದರು. ಟ್ರೈಗ್ಲಿಸರೈಡ್ ಅಷ್ಟು ಏರಿದರೆ ಅದನ್ನು ಲೆಕ್ಕ ಹಾಕಲು ಬರುವುದಿಲ್ಲ. ಸ್ವಲ್ಪ ಹೊತ್ತಿನ ಮೊದಲು ಉಂಡದ್ದೂ ಅದರಲ್ಲಿತ್ತು, ನಿಜ. ಆದರೆ ಒಂದು ಊಟಕ್ಕೆ ಅಷ್ಟು ಬೆಳ್ಳಗಾಗುವುದಿಲ್ಲ.

ಆಂಬುಲೆನ್ಸ್ ಶಿವಮೊಗ್ಗಕ್ಕೆ ಹೊರಡುವ ಮೊದಲು ಸರಸ್ವತಕ್ಕ ನನ್ನನ್ನು ಕಾರಿಡಾರಿನ ಮೂಲೆಗೆ ಎಳೆದರು.

"ಡಾಕ್ಟ್ರಮ್ಮ, ಇನ್ನು ಮುಚ್ಚಿಡಲೆ ಆಗ್ತಿಲ್ಲೆ. ಫ್ರಿಜ್ಜಲ್ಲಿ ಸೂಜಿ ಪೆನ್ನು ಹಾಂಗೇ ಇದ್ದು. ನಾಗರ ಪಂಚಮಿಯಿಂದ ಒಂದೂ ಚುಚ್ಚಿದ್ದಿಲ್ಲೆ. ಪ್ರತಿ ವರ್ಷ ಹೀಂಗೇ ಮಾಡದು."

"ಯಾಕೆ?"

"ಪಂಚಮಿಗೆ ಬಿಟ್ರೆ ಪಕ್ಷಕ್ಕೆ ಹಸಿವು ಬತ್ತು ಹೇಳಿ."

ನನಗೆ ಸಿಟ್ಟು ನೆತ್ತಿಗೇರಿತು. ಬೈಯೋಣವೆಂದರೆ ಭಟ್ಟರಿಗೆ ಎಚ್ಚರವಿರಲಿಲ್ಲ. ಪಂಚಮಿಗೆ ಬಿಟ್ಟರೆ ಪಿತೃಪಕ್ಷದ ಹೊತ್ತಿಗೆ ಔಷಧಿಯ ಪ್ರಭಾವ ಮೈಯಿಂದ ಪೂರ್ತಿ ಹೋಗಿರುತ್ತದೆ. ಕಂಪನಿಯವರು ಕರಪತ್ರದಲ್ಲಿ ಬರೆಯುವುದನ್ನು ಇವರು ಪಂಚಾಂಗ ಹಿಡಿದು ಕಂಡುಕೊಂಡಿದ್ದರು. ಹಸಿವಿನ ಜೊತೆಗೆ ಸಕ್ಕರೆಯೂ ಕೊಬ್ಬೂ ಮರಳಿ ಬರುತ್ತವೆ ಎಂಬುದು ಆ ಪಂಚಾಂಗದಲ್ಲಿ ಇರಲಿಲ್ಲ. ಅದರ ಮೇಲೆ ಹದಿನೈದು ದಿನ ದಿನಕ್ಕೊಂದು ಮನೆಯ ವಡೆ, ಪಾಯಸ, ತುಪ್ಪ.

ಭಟ್ಟರು ಬದುಕಿದರು. ಶಿವಮೊಗ್ಗದಲ್ಲಿ ಇನ್ನೊಂದು ಸ್ಟೆಂಟ್ ಹಾಕಿಸಿಕೊಂಡು ನಮ್ಮಲ್ಲಿಗೆ ಬಂದು ಕೆಲವು ದಿನ ಮಲಗಿದರು. ಮಾತಾಡುವಷ್ಟು ಆದ ಮೇಲೆ ನಾನು ಬಾಗಿಲು ಹಾಕಿ ಹಾಸಿಗೆಯ ಪಕ್ಕ ಕೂತೆ.

"ಭಟ್ರೇ, ಊರಿನವರ ತಿಥಿಗೆಲ್ಲ ನೀವು ಕೂರ್ತೀರಿ. ನಿಮ್ಮ ತಿಥಿಗೆ ಯಾರು ಕೂರ್ತಾರೆ?"

"ಅದೇ ಕಷ್ಟ ಇದ್ದು. ಜನ ಸಿಕ್ತಿಲ್ಲೆ" ಎಂದು ನಕ್ಕರು. ನಾನು ನಗದೇ ಇದ್ದದ್ದು ಕಂಡು ಅವರೂ ಗಂಭೀರರಾದರು.

"ನೋಡಿ ಡಾಕ್ಟ್ರಮ್ಮ, ಎಲೆ ಮುಂದೆ ಕೂತಾಗ ಉಂಬದು ಆನು, ಈ ಶಂಭು, ಅಲ್ಲ. ಆ ಮನೆ ಅಪ್ಪನೋ ಅಮ್ಮನೋ ಉಂಬದು. ಕಡೆಗೆ ಮಗ ಕೈ ಮುಗಿದು ತೃಪ್ತಿ ಆತಾ ಹೇಳಿ ಕೇಳ್ತ. ಸೂಜಿ ತಗಂಡು ಎರಡು ತುತ್ತಿಗೆ ಕೈ ಕಟ್ಟಿ ಕೂತು, ಆತು ಹೇಳಿ ಎಂತ ಬಾಯಲ್ಲಿ ಹೇಳದು? ಸುಳ್ಳಾಗ್ತು."

"ಸುಳ್ಳು ಹೇಗಾಗ್ತದೆ? ಇಂಜೆಕ್ಷನ್ ಇದ್ರೆ ಎರಡು ತುತ್ತಿಗೆ ನಿಮ್ಮ ಹೊಟ್ಟೆ ನಿಜವಾಗ್ಲೂ ತುಂಬ್ತದೆ. ತೃಪ್ತಿ ಆದದ್ದು ಹೌದಲ್ಲ?"

ಭಟ್ಟರು ಸೂರು ನೋಡುತ್ತ ಯೋಚಿಸಿದರು. "ಅದು ಸೂಜಿದು ತೃಪ್ತಿ. ಅವರದ್ದಲ್ಲ."

ಮೂಢನಂಬಿಕೆ ಎಂದು ಎದ್ದು ಬರಬಹುದಿತ್ತು. ಆದರೆ ಪ್ರಾಣ ಹೋದರೂ ಸುಳ್ಳು ಹೇಳಲಾರೆ ಎನ್ನುವವರನ್ನು ಬೈಯುವುದು ಹೇಗೆ? ಕಡೆಗೆ ಸರಸ್ವತಕ್ಕನೇ ಹಟ ಹಿಡಿದರು. ಇಂಜೆಕ್ಷನ್ ಬಿಡಬಾರದು, ಬ್ರಾಹ್ಮಣಾರ್ಥಕ್ಕೆ ಕೂರಬಾರದು. ಭಟ್ಟರು ಒಪ್ಪಿದರು, ಮಾತು ಕೊಟ್ಟರು, ಉಳಿಸಿಕೊಂಡರು.

ಆಮೇಲಿನ ಅವರ ರಿಪೋರ್ಟುಗಳು ಪುಸ್ತಕದಲ್ಲಿ ಅಚ್ಚು ಹಾಕಿಸುವಂತಿದ್ದವು. ತೂಕ ಇಳಿದು ನಿಂತಿತು, ಟ್ರೈಗ್ಲಿಸರೈಡ್ ತಗ್ಗಿತು, ಸ್ಟ್ಯಾಟಿನ್ನೂ ಇಂಜೆಕ್ಷನ್ನೂ ಸೇರಿ ಕೆಟ್ಟ ಕೊಲೆಸ್ಟ್ರಾಲನ್ನು ನಾನು ಬಯಸಿದಲ್ಲಿಗೆ ತಂದವು. ರಿಪೋರ್ಟು ಅಷ್ಟು ಚೆಂದವಿದ್ದ ಮನುಷ್ಯನ ಮುಖ ಅಷ್ಟು ಬಾಡಿದ್ದನ್ನು ನಾನು ಬೇರೆ ಕಡೆ ನೋಡಿಲ್ಲ. ಪಿತೃಪಕ್ಷದಲ್ಲಿ ಯಾರಾದರೂ ಕರೆಯಲು ಬಂದರೆ ಭಟ್ಟರು ಹಿತ್ತಿಲಿಗೆ ಹೋಗಿ ಕೂರುತ್ತಾರೆ ಎಂದು ಸರಸ್ವತಕ್ಕ ಹೇಳಿದರು. ಗುಣವಾಯಿತು ಎಂದು ಬರೆದುಬಿಡುವುದು ನಮಗೆ ಸುಲಭ. ಬದುಕಲು ಕಾರಣವಾಗಿದ್ದ ಕೆಲಸವನ್ನೇ ಕಿತ್ತುಕೊಂಡು ಕೊಟ್ಟ ಗುಣ ಅದು. ಅದನ್ನು ನೆನೆದರೆ ನನಗೆ ಸಂಕಟವಾಗುತ್ತಿತ್ತು. ಬೇರೆ ದಾರಿ ಮಾತ್ರ ಹೊಳೆಯಲಿಲ್ಲ.

ನಾನು ನಿವೃತ್ತಳಾದೆ. ಅದಾಗಿ ಸ್ವಲ್ಪ ಕಾಲಕ್ಕೆ ನನ್ನ ಯಜಮಾನರು ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಮೊದಲ ವರ್ಷದ ತಿಥಿ ಬಂದಾಗ, ಸಾಗರದಲ್ಲೇ ವಕೀಲನಾಗಿರುವ ಮಗ ಎಲ್ಲ ಕಡೆ ಹುಡುಕಿದ. ಬ್ರಾಹ್ಮಣಾರ್ಥಕ್ಕೆ ಇನ್ನೂ ಒಬ್ಬರು ಬೇಕಿತ್ತು, ಸಿಗಲಿಲ್ಲ. ನಾನು ಭಟ್ಟರಿಗೆ ಫೋನ್ ಮಾಡಿದೆ.

"ಡಾಕ್ಟ್ರಮ್ಮ, ಸೂಜಿ ಬಿಟ್ಟಿದ್ದಿಲ್ಲೆ" ಎಂದರು ಅವರು, ಮೊದಲ ಮಾತಿಗೇ.

"ಬಿಡೋದೂ ಬೇಡ. ಹಾಗೇ ಬನ್ನಿ. ಎಷ್ಟು ಸೇರ್ತದೋ ಅಷ್ಟೇ ಬಡಿಸ್ತೀವಿ."

ಅವರು ಸರಸ್ವತಕ್ಕನನ್ನು ಕೇಳುವುದು ಫೋನಿನಲ್ಲಿ ಕೇಳಿಸಿತು. ಆಮೇಲೆ, "ಬತ್ತೆ" ಎಂದರು.

ಬಂದರು. ಪುರೋಹಿತರು ಅವರನ್ನು ನನ್ನ ಯಜಮಾನರ ಸ್ಥಾನದಲ್ಲಿ ಕೂರಿಸಿದರು. ಮಗನಿಗೆ ನಾನು ಮೊದಲೇ ಹೇಳಿಟ್ಟಿದ್ದೆ: ಅನ್ನ ಒಂದು ಹಿಡಿ, ವಡೆ ಒಂದು, ಪಾಯಸ ಒಂದು ಸಣ್ಣ ಸೌಟು. ಅವನು ಹಾಗೇ ಬಡಿಸಿದ. ಭಟ್ಟರು ಮೆಲ್ಲಗೆ, ಒಂದೊಂದು ಅಗುಳನ್ನೂ ತೆಗೆದು ಉಂಡರು. ಎಲೆ ಬರಿದಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಏನಾಯಿತೋ ತಿಳಿಯದು. ಆ ಬರಿದಾದ ಎಲೆ ನೋಡಿ ಜೀವ ತಡೆಯಲಿಲ್ಲ. ಇಷ್ಟೇನಾ ಉಂಡದ್ದು ಎನ್ನಿಸಿತು. ಹೆಸರುಬೇಳೆ ಪಾಯಸ ಯಜಮಾನರಿಗೆ ಎಷ್ಟು ಇಷ್ಟ. ಊರಿಗೆಲ್ಲ ಕಡಿಮೆ ಉಣ್ಣಿ ಎಂದು ಬೈದ ನಾನು, ಎಲ್ಲರೆದುರು ಮಗನಿಗೆ ಹೇಳಿದೆ: "ಇನ್ನೊಂದು ಸೌಟು ಬಡಿಸು."

ಭಟ್ಟರು ತಲೆ ಎತ್ತಲಿಲ್ಲ. ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು. ಮಗ ಸೌಟು ಹಿಡಿದು ನನ್ನ ಮುಖ ನೋಡಿದ. ಪುರೋಹಿತರು ಮುಂದಿನ ಮಂತ್ರ ಹೇಳಿಸಿದರು. ಮಗ ಕೈ ಮುಗಿದು, ತೃಪ್ತಿಯಾಯಿತೇ ಎಂದು ಕೇಳಿದ. ಭಟ್ಟರು ಸ್ವಲ್ಪವೂ ತಡೆಯದೆ, ಸ್ಪಷ್ಟವಾಗಿ ಹೇಳಿದರು: "ತೃಪ್ತಿ ಆತು."

ಎಲ್ಲ ಮುಗಿದು ಅವರು ಕೈತೊಳೆದು ಜಗಲಿಯಲ್ಲಿ ಕೂತಾಗ ನಾನು ಹೋಗಿ ಎದುರು ಕೂತೆ. ಕೇಳದೆ ಇರಲಾಗಲಿಲ್ಲ.

"ಭಟ್ರೇ, ಆಗ ಹೇಳಿದ್ರಲ್ಲ, ಅದು ಸೂಜಿದಾ, ಅವರದ್ದಾ?"

ಭಟ್ಟರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡರು.

"ಅವರಿಗೆ ಸೀಕು ಜೋರಾದಾಗ ಒಂದಿನ ಆನು ನೋಡಲೆ ಬಂದಿದ್ದಿ. ನಿಂಗ ಚಮಚದಲ್ಲಿ ಗಂಜಿ ಕುಡಿಸ್ತಾ ಇದ್ದಿದ್ರಿ. ಎರಡು ಚಮಚಕ್ಕೆ ಅವರು ಸಾಕು ಹೇಳಿ ಕೈ ಅಡ್ಡ ಹಿಡಿದ. ನಿಂಗ ಕೇಳಿದ್ದಿಲ್ಲೆ. ಇನ್ನೊಂದು, ಇನ್ನೊಂದು ಹೇಳಿ ಅಳ್ತಾ ಕುಡಿಸಿದ್ರಿ. ಅವರು ನಿಂಗಳ ಮುಖ ನೋಡಿ ನುಂಗಿದ, ಅಷ್ಟೇಯ." ಭಟ್ಟರು ನನ್ನ ಕಡೆ ತಿರುಗಿದರು. "ಇವತ್ತು ಹೊಟ್ಟೆ ತುಂಬಿ ಸಾಕು ಹೇಳಿದ್ದು ಅವರೇಯ, ಡಾಕ್ಟ್ರಮ್ಮ. ಈ ಸಲವಾದ್ರೂ ಕೇಳಿ."

ಯಜಮಾನರು ಹೋದ ದಿನ ನಾನು ಅತ್ತಿರಲಿಲ್ಲ. ಡಾಕ್ಟರಲ್ಲವೇ, ಎಲ್ಲ ಮೊದಲೇ ಗೊತ್ತಿತ್ತು. ಅಂದು ಆ ಜಗಲಿಯಲ್ಲಿ, ಮಗನೂ ಪುರೋಹಿತರೂ ನೋಡುತ್ತಿರುವಾಗಲೇ, ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ. ಭಟ್ಟರು ಎದ್ದು ಹೋಗಲಿಲ್ಲ. ನನ್ನ ಅಳು ನಿಲ್ಲುವ ತನಕ ಎದುರಿಗೇ ಕೂತಿದ್ದರು.